ಮೂಲ ಮಾಲ್ಟ್ ಸಿಗದಿದ್ದರೆ ಬದಲಿಗೆ ಏನು?



ಕಳೆದ ಸರ್ವಸದಸ್ಯರ ಸಭೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಹಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದರು. "ಸೆಕ್ರೆಟರಿಗಳೇ, ನೀವು ವಿಜ್ಞಾನ ಓದಿದವರು. ನಮ್ಮ ಹುಡುಗ ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುತ್ತಾನಂತೆ. ಪುಸ್ತಕದಲ್ಲಿ ಹೇಳಿದ ಮಾಲ್ಟ್ ಅವನ ಊರಿನಲ್ಲಿ ಸಿಗುವುದಿಲ್ಲವಂತೆ. ಬದಲಿಗೆ ಏನು ಹಾಕಲಿ ಎಂದು ನನ್ನನ್ನು ಕೇಳುತ್ತಾನೆ. ಕಾಫಿ ಗಿಡದ ವಿಷಯವಾದರೆ ಹೇಳಬಹುದು, ಇದಕ್ಕೆ ನಾನೇನು ಹೇಳಲಿ?" ಎಂದರು. ಸುತ್ತ ನಿಂತವರು ನಕ್ಕರು. ನಾವು ನಗಲಿಲ್ಲ. ಏಕೆಂದರೆ ಇದೇ ಪ್ರಶ್ನೆ ನಮ್ಮ ಮಗಳ ಮನೆಯಲ್ಲೂ ಎದ್ದು, ಇಪ್ಪತ್ತು ಲೀಟರು ಬಿಯರನ್ನು ಮೋರಿಗೆ ಸುರಿಯುವುದನ್ನು ನಾವು ಕಣ್ಣಾರೆ ಕಂಡು ಬಂದಿದ್ದೇವೆ.

ಗೊಬ್ಬರ, ಬೋರ್ಡೋ ದ್ರಾವಣ, ಕಾಯಿಕೊರಕ, ಕೊಳೆರೋಗ ಇವುಗಳ ಮಾತು ಬರುವ ಈ ಪತ್ರಿಕೆಯಲ್ಲಿ ಬಿಯರಿನ ಮಾತೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಸಂಘದ ಎಷ್ಟೋ ಸದಸ್ಯರ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಅವರಿಗೆ ಈ ಲೇಖನ ನೇರವಾಗಿ ಉಪಯೋಗಕ್ಕೆ ಬರಬಹುದು. ಇಲ್ಲಿ ತೋಟದಲ್ಲಿರುವ ನಮಗೂ ಇದರಿಂದ ತಿಳಿಯಬೇಕಾದ ಒಂದು ಸಂಗತಿ ಇದೆ. ಅದನ್ನು ಕೊನೆಯಲ್ಲಿ ಹೇಳುತ್ತೇವೆ.

ಮೊದಲು ಒಂದು ಎಚ್ಚರಿಕೆ

ನಮ್ಮ ರಾಜ್ಯದಲ್ಲಿ ಪರವಾನಗಿ ಇಲ್ಲದೆ ಬಿಯರ್ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಮನೆಯ ಬಳಕೆಗೆಂದು ಮಾಡಿದೆ ಎಂದರೂ ಅದು ಅಪರಾಧವೇ. ಆದುದರಿಂದ ಇದನ್ನು ಓದಿ ಯಾರೂ ಒಲೆ ಹಚ್ಚಬೇಡಿ. ಇಂಗ್ಲೆಂಡಿನಲ್ಲಿ 1963ರಿಂದ ಮನೆಯ ಬಳಕೆಗೆ ಬಿಯರ್ ತಯಾರಿಸಲು ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಮಾಡಿದ ಕಾನೂನು ಇದಕ್ಕೆ ದಾರಿ ಮಾಡಿಕೊಟ್ಟಿತು. ಆದರೂ ಅಲ್ಲಿನ ಪ್ರತಿಯೊಂದು ರಾಜ್ಯವೂ ಒಪ್ಪುವ ಹೊತ್ತಿಗೆ 2013 ಆಗಿತ್ತು. ಇಲ್ಲಿ ಹೇಳುವ ಅಳತೆಗಳೆಲ್ಲ ಅಂಥ ಕಡೆ ಇರುವವರಿಗೆ ಮಾತ್ರ.

ಮಾಲ್ಟ್ ಎಂದರೇನು?

ಮಾಲ್ಟ್ ಎಂಬುದು ನಮಗೆ ಹೊಸದಲ್ಲ. ಮಗುವಿಗೆ ರಾಗಿ ಸರಿ ಮಾಡಲು ನಮ್ಮ ತಾಯಂದಿರು ಏನು ಮಾಡುತ್ತಿದ್ದರು? ರಾಗಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಬಸಿದು, ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಮೊಳಕೆ ಒಡೆದ ಮೇಲೆ ನೆರಳಿನಲ್ಲಿ ಒಣಗಿಸಿ, ಬೆಚ್ಚಗೆ ಹುರಿದು ಬೀಸುತ್ತಿದ್ದರು. ಆ ಹಿಟ್ಟಿನ ಗಂಜಿ ಸಾದಾ ರಾಗಿ ಹಿಟ್ಟಿನ ಗಂಜಿಗಿಂತ ತೆಳ್ಳಗೂ ತುಸು ಸಿಹಿಯಾಗಿಯೂ ಇರುವುದನ್ನು ನಾವೆಲ್ಲ ಬಲ್ಲೆವು. ಮೊಳಕೆ ಬರುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಕಾಳಿನಲ್ಲಿ ಕೂಡಿಟ್ಟ ಪಿಷ್ಟವನ್ನು ಒಡೆದು ಸಕ್ಕರೆ ಮಾಡಿ ಎಳೆಯ ಸಸಿಗೆ ಉಣಿಸುವುದು ಅವುಗಳ ಕೆಲಸ. ಸಸಿ ಉಣ್ಣುವ ಮೊದಲೇ ನಾವು ಕಾಳನ್ನು ಒಣಗಿಸಿ ಮೊಳಕೆಯನ್ನು ನಿಲ್ಲಿಸುತ್ತೇವೆ. ಆಗ ಪಿಷ್ಟವೂ ಉಳಿಯುತ್ತದೆ, ಕಿಣ್ವವೂ ಉಳಿಯುತ್ತದೆ. ಇದೇ ಮಾಲ್ಟ್. ಮೈಸೂರಿನ ಸಿ.ಎಫ್.ಟಿ.ಆರ್.ಐ. ವಿಜ್ಞಾನಿಗಳು ರಾಗಿ ಮಾಲ್ಟಿನ ಈ ಗುಣವನ್ನೇ ಹಿಡಿದು ಮಕ್ಕಳ ಆಹಾರದ ಮೇಲೆ ಒಳ್ಳೆಯ ಕೆಲಸ ಮಾಡಿದ್ದಾರೆ.

ಬಿಯರಿಗೆ ಬಳಸುವುದು ಬಹುಮಟ್ಟಿಗೆ ಬಾರ್ಲಿ. ಬಾರ್ಲಿಯನ್ನು ಎರಡು ದಿನದಷ್ಟು ನೆನೆಸಿ, ನಾಲ್ಕರಿಂದ ಆರು ದಿನ ಮೊಳೆಯಿಸಿ, ಆಮೇಲೆ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಒಣಗಿಸುವ ಶಾಖದಲ್ಲೇ ಮಾಲ್ಟಿನ ಜಾತಿ ನಿರ್ಧಾರವಾಗುತ್ತದೆ. ಒಂದೇ ತೋಟದ ಅಡಿಕೆ ಕೊಯ್ಲಿನ ಹದ, ಬೇಯಿಸುವ ಹದ, ಚೊಗರಿನ ಹದದಿಂದ ಬೇರೆ ಬೇರೆ ಬಣ್ಣ ತಳೆಯುವುದಿಲ್ಲವೇ, ಹಾಗೆ. ಕೊನೆಯ ಶಾಖ ಸುಮಾರು 80ರಿಂದ 85 ಡಿಗ್ರಿ ಸೆಂಟಿಗ್ರೇಡ್ ಇದ್ದರೆ ತಿಳಿಬಣ್ಣದ ಪಿಲ್ಸ್‌ನರ್ ಮಾಲ್ಟ್. ಸುಮಾರು 95ರಿಂದ 105 ಡಿಗ್ರಿಯಾದರೆ ಇಂಗ್ಲಿಷರ ಪೇಲ್ ಏಲ್ ಮಾಲ್ಟ್. ಕಾಳಿನಲ್ಲಿ ಪಸೆ ಹೆಚ್ಚು ಉಳಿದಿರುವಾಗಲೇ ಶಾಖ ಏರಿಸಿ 100 ಡಿಗ್ರಿ ದಾಟಿಸಿದರೆ ಕೆಂಪು ಛಾಯೆಯ ಮ್ಯೂನಿಕ್ ಮಾಲ್ಟ್. ಪಿಲ್ಸ್‌ನರಿಗೂ ಮ್ಯೂನಿಕ್ಕಿಗೂ ನಡುವಿನದು ವಿಯೆನ್ನಾ ಮಾಲ್ಟ್. ಬಿಯರಿಗೆ ಹಾಕುವ ಧಾನ್ಯದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚಾಗಿ ಇಂಥದೇ ಒಂದು ಮಾಲ್ಟ್ ಇರುತ್ತದೆ. ಅದಕ್ಕೇ ಇವುಗಳನ್ನು ಬೇಸ್ ಮಾಲ್ಟ್, ಅಂದರೆ ಮೂಲ ಮಾಲ್ಟ್ ಎನ್ನುತ್ತಾರೆ. ಬಣ್ಣಕ್ಕೂ ವಿಶೇಷ ರುಚಿಗೂ ಚಿಟಿಕೆಯಷ್ಟು ಹಾಕುವ ಕ್ರಿಸ್ಟಲ್ ಮಾಲ್ಟ್, ಚಾಕೊಲೆಟ್ ಮಾಲ್ಟ್ ಮುಂತಾದವು ಬೇರೆ. ಅವು ಒಗ್ಗರಣೆಯಿದ್ದಂತೆ, ಅನ್ನದ ಜಾಗಕ್ಕೆ ಬರಲಾರವು.

ಮೂಲ ಮಾಲ್ಟಿನ ಮೂರು ಕೆಲಸ

ಬದಲಿ ಹುಡುಕುವವರು ಮೊದಲು ತಿಳಿಯಬೇಕಾದದ್ದು, ಮೂಲ ಮಾಲ್ಟ್ ಮಾಡುವ ಕೆಲಸಗಳು ಮೂರು ಎಂಬುದು.

ಒಂದು, ಯೀಸ್ಟಿಗೆ ಬೇಕಾದ ಸಕ್ಕರೆಗೆ ಮೂಲವಾದ ಪಿಷ್ಟವನ್ನು ಕೊಡುವುದು. ಎರಡು, ಆ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವವನ್ನು ಕೊಡುವುದು. ಮೂರು, ಬಣ್ಣ ಮತ್ತು ರುಚಿಯನ್ನು ಕೊಡುವುದು.

ಕಾಫಿಯ ಉದಾಹರಣೆಯಿಂದ ನೋಡೋಣ. ಕಾಫಿ ಪುಡಿಗೆ ಚಿಕೋರಿ ಬೆರೆಸುತ್ತಾರೆ. ಚಿಕೋರಿ ಬಣ್ಣ ಕೊಡುತ್ತದೆ, ಡಿಕಾಕ್ಷನ್ನಿಗೆ ಗಟ್ಟಿತನ ಕೊಡುತ್ತದೆ. ಆದರೆ ಅದರಲ್ಲಿ ಕೆಫೀನ್ ಇಲ್ಲ, ಕಾಫಿಯ ಪರಿಮಳವೂ ಇಲ್ಲ. ಅಂದರೆ ಅದು ಕಾಫಿಯ ಕೆಲವು ಕೆಲಸಗಳಿಗೆ ಬದಲಿ, ಎಲ್ಲ ಕೆಲಸಕ್ಕೂ ಅಲ್ಲ. ಅದಕ್ಕೇ ಮಿಶ್ರಣದಲ್ಲಿ ಕಾಫಿಯ ಪಾಲು ಶೇಕಡ 51ಕ್ಕೆ ಕಡಿಮೆ ಇರಕೂಡದೆಂದು ನಮ್ಮ ಆಹಾರ ನಿಯಮವಿದೆ. ಮಾಲ್ಟಿನಲ್ಲೂ ಹೀಗೆಯೇ. ನೋಟಕ್ಕೆ ಒಂದೇ ಥರ ಕಾಣುವ ಎರಡು ಮಾಲ್ಟುಗಳಲ್ಲಿ ಒಂದು ಮೂರೂ ಕೆಲಸ ಮಾಡಬಹುದು, ಇನ್ನೊಂದು ಎರಡನ್ನೇ ಮಾಡಬಹುದು. ನಮ್ಮ ಅಳಿಯಂದಿರು ಎಡವಿದ್ದು ಇಲ್ಲಿಯೇ.

ಮೊದಲ ತಪ್ಪು: ಕಿಣ್ವವನ್ನು ಲೆಕ್ಕಿಸದೆ ಹೋದದ್ದು

ಮಗಳ ಮನೆ ಇರುವುದು ಅಮೆರಿಕದ ಮಿಷಿಗನ್ ರಾಜ್ಯದ ಒಂದು ಸಣ್ಣ ಊರಿನಲ್ಲಿ. ನಾವು ಅಲ್ಲಿ ಮೂರು ತಿಂಗಳು ಇದ್ದೆವು. ಅಳಿಯಂದಿರು ಕೈಗೆತ್ತಿಕೊಂಡದ್ದು ಇಂಗ್ಲಿಷ್ ಮಾದರಿಯ ಒಂದು ಬಿಟರ್. ಇಪ್ಪತ್ತು ಲೀಟರಿಗೆ ಮ್ಯಾರಿಸ್ ಆಟರ್ ಎಂಬ ಬಾರ್ಲಿ ತಳಿಯ ಪೇಲ್ ಏಲ್ ಮಾಲ್ಟ್ 4 ಕೆ.ಜಿ. ಎಂದು ಪುಸ್ತಕದಲ್ಲಿತ್ತು. ಸಮೀಪದ ಅಂಗಡಿ ಮುಚ್ಚಿಹೋಗಿತ್ತು. ದೂರದ ಇನ್ನೊಂದು ಅಂಗಡಿಯಲ್ಲಿ ಇದ್ದದ್ದು ಕಡುಬಣ್ಣದ ಮ್ಯೂನಿಕ್ ಮಾತ್ರ. "ಎರಡೂ ಬಾರ್ಲಿ ಮಾಲ್ಟೇ ಅಲ್ಲವೇ ಮಾವ, ಏನೂ ಆಗುವುದಿಲ್ಲ" ಎಂದು ಅದನ್ನು 3 ಕೆ.ಜಿ. ತಂದರು. ಉಳಿದ ಒಂದು ಕೆ.ಜಿ.ಗೆ ಮನೆಯಲ್ಲಿದ್ದ ಮೆಕ್ಕೆಜೋಳದ ಅವಲಕ್ಕಿಯನ್ನು ಸೇರಿಸಿದರು.

ಬಿಯರ್ ತಯಾರಿಕೆಯಲ್ಲಿ ಪುಡಿಮಾಡಿದ ಮಾಲ್ಟನ್ನು 62ರಿಂದ 68 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಕಾಲ ಇಡುತ್ತಾರೆ. ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡುವುದು ಆಗಲೇ. ಬಳಿಕ ಸಿಹಿ ರಸವನ್ನು ಬಸಿದು, ಹಾಪ್ಸ್ ಎಂಬ ಕಹಿ ಹೂವು ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಹಾಕಿ ಹುದುಗಲು ಬಿಡುತ್ತಾರೆ. ಅಳಿಯಂದಿರು ಎಲ್ಲವನ್ನೂ ಗಡಿಯಾರ ನೋಡಿಯೇ ಮಾಡಿದರು. ಆದರೆ ಬಸಿದು ಬಂದ ರಸ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿತ್ತು. ಹಾಲಿನ ಡೇರಿಯ ಲ್ಯಾಕ್ಟೋಮೀಟರಿನಂಥ ಒಂದು ಗಾಜಿನ ಕೊಳವೆ ಇದೆ, ಹೈಡ್ರೋಮೀಟರ್ ಎಂದು. ಅದರಲ್ಲಿ 1.045 ಬರಬೇಕಾದ ಕಡೆ 1.028 ಬಂತು. ಸಕ್ಕರೆ ಕಡಿಮೆ, ಒಡೆಯದೆ ಉಳಿದ ಪಿಷ್ಟ ಹೆಚ್ಚು. ಆದರೂ ಯೀಸ್ಟ್ ಹಾಕಿದರು. ಎರಡು ವಾರದಲ್ಲಿ ಪಾತ್ರೆ ಹುಳಿಗಂಜಿಯ ವಾಸನೆ ಹೊಡೆಯಿತು. ಒಂದು ಭಾನುವಾರ ಬೆಳಿಗ್ಗೆ ಅಷ್ಟನ್ನೂ ಮೋರಿಗೆ ಸುರಿದರು. ಮಗಳು ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು ಎಂದು ನಮಗೆ ಅನ್ನಿಸಿತು.

ಆಗಿದ್ದೇನು? ಮಾಲ್ಟನ್ನು ಹೆಚ್ಚು ಶಾಖದಲ್ಲಿ ಒಣಗಿಸಿದಷ್ಟೂ ಕಿಣ್ವ ಸಾಯುತ್ತದೆ. ಕಿಣ್ವದ ಬಲವನ್ನು ಲಿಂಟ್ನರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸ್ಥೂಲವಾಗಿ, ಯೂರೋಪಿನ ಪಿಲ್ಸ್‌ನರ್ ಮಾಲ್ಟಿಗೆ 100ರ ಆಸುಪಾಸು. ಅಮೆರಿಕದ ಎರಡು ಸಾಲಿನ ಬಾರ್ಲಿ ಮಾಲ್ಟಿಗೆ 120ರಿಂದ 140. ಆರು ಸಾಲಿನದಕ್ಕೆ 150ರ ಹತ್ತಿರ ಅಥವಾ ಅದಕ್ಕೂ ಮೇಲೆ. ಇಂಗ್ಲಿಷ್ ಪೇಲ್ ಏಲ್ ಮಾಲ್ಟಿಗೆ 50ರಿಂದ 70. ಕಡುಬಣ್ಣದ ಮ್ಯೂನಿಕ್ಕಿಗೆ 30ರ ಸುಮಾರು. ಅವಲಕ್ಕಿ, ಅಕ್ಕಿ ಮುಂತಾದ ಮೊಳೆಯಿಸದ ಧಾನ್ಯಕ್ಕೆ ಸೊನ್ನೆ. ಪಾತ್ರೆಗೆ ಹಾಕಿದ ಒಟ್ಟು ಧಾನ್ಯದ ಸರಾಸರಿ 35ರಿಂದ 40 ಇರಬೇಕು. ಅದಕ್ಕಿಂತ ಇಳಿದರೆ ಪಿಷ್ಟ ಪೂರ್ತಿ ಒಡೆಯುವ ಭರವಸೆ ಇಲ್ಲ.

ಸರಾಸರಿ ತೆಗೆಯುವುದು ಸುಲಭ. ಪ್ರತಿಯೊಂದರ ತೂಕವನ್ನು ಅದರ ಬಲದಿಂದ ಗುಣಿಸಿ, ಕೂಡಿಸಿ, ಒಟ್ಟು ತೂಕದಿಂದ ಭಾಗಿಸಿದರಾಯಿತು. ಅಳಿಯಂದಿರ ಲೆಕ್ಕ ಹೀಗಾಗುತ್ತದೆ: 3 ಕೆ.ಜಿ. ಮ್ಯೂನಿಕ್ × 30 = 90; 1 ಕೆ.ಜಿ. ಅವಲಕ್ಕಿ × 0 = 0; ಒಟ್ಟು 90; 4ರಿಂದ ಭಾಗಿಸಿದರೆ 22.5. ಸಾಲದು. ಮ್ಯೂನಿಕ್ಕಿನ ಅರ್ಧವನ್ನು ತೆಗೆದು ಪಿಲ್ಸ್‌ನರ್ ಹಾಕಿದ್ದರೆ: 1.5 × 30 = 45; 1.5 × 100 = 150; ಅವಲಕ್ಕಿ 0; ಒಟ್ಟು 195; 4ರಿಂದ ಭಾಗಿಸಿದರೆ ಸುಮಾರು 49. ಧಾರಾಳವಾಯಿತು. ಪೆನ್ಸಿಲು ಹಿಡಿದು ಎರಡು ನಿಮಿಷ ಕುಳಿತಿದ್ದರೆ ಇಪ್ಪತ್ತು ಲೀಟರು ಉಳಿಯುತ್ತಿತ್ತು.

ಯೂರೋಪಿನ ಮೂಟೆಗಳ ಚೀಟಿಯಲ್ಲಿ ಈ ಬಲವನ್ನು ವಿಂಡಿಶ್-ಕೋಲ್‌ಬಾಖ್ ಎಂಬ ಬೇರೆ ಅಳತೆಯಲ್ಲಿ ಬರೆದಿರುತ್ತಾರೆ. ಆ ಸಂಖ್ಯೆಗೆ 16 ಕೂಡಿಸಿ 3.5ರಿಂದ ಭಾಗಿಸಿದರೆ ಲಿಂಟ್ನರ್ ಸಿಗುತ್ತದೆ. ಚೀಟಿಯಲ್ಲಿ 250 ಇದ್ದರೆ 266ನ್ನು 3.5ರಿಂದ ಭಾಗಿಸಿ 76 ಎಂದು ತಿಳಿಯಬೇಕು. ಎರಡು ಅಳತೆಗಳನ್ನು ಬೆರೆಸಿ ಲೆಕ್ಕ ಹಾಕಿದವರು ಮೋಸಹೋಗುತ್ತಾರೆ.

ಅನುಮಾನ ಬಂದಲ್ಲಿ ಶಾಲೆಯಲ್ಲಿ ಕಲಿತ ಅಯೋಡಿನ್ ಪರೀಕ್ಷೆ ಇದ್ದೇ ಇದೆ. ಗಂಟೆ ಮುಗಿದ ಮೇಲೆ ಒಂದು ಹನಿ ರಸವನ್ನು ಬಿಳಿ ತಟ್ಟೆಯ ಮೇಲೆ ಹಾಕಿ, ಅದಕ್ಕೆ ಒಂದು ಹನಿ ಟಿಂಕ್ಚರ್ ಅಯೋಡಿನ್ ಬಿಡಬೇಕು. ನೀಲಿಗಪ್ಪು ಬಂದರೆ ಪಿಷ್ಟ ಇನ್ನೂ ಉಳಿದಿದೆ ಎಂದರ್ಥ. ಅಯೋಡಿನ್ನಿನ ಕಂದುಬಣ್ಣವೇ ನಿಂತರೆ ಕೆಲಸ ಆಗಿದೆ. ಅಯೋಡಿನ್ ಬಿದ್ದ ಹನಿಯನ್ನು ಮತ್ತೆ ಪಾತ್ರೆಗೆ ಸೇರಿಸಬಾರದು.

ಎರಡನೆಯ ತಪ್ಪು: ಪಾತ್ರೆ ಮುಚ್ಚಿ ಕುದಿಸಿದ್ದು

ಎರಡನೆಯ ಸಲ ಮೇಲಿನ ಲೆಕ್ಕದಂತೆಯೇ ಪಿಲ್ಸ್‌ನರ್ ಸೇರಿಸಿದರು. ಅಯೋಡಿನ್ ಪರೀಕ್ಷೆಯೂ ಸರಿಯಾಯಿತು. ಆದರೆ ಬಿಯರಿಗೆ ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂತು. ಅವಲಕ್ಕಿಯದಿರಬೇಕೆಂದು ನಾವು ಮೊದಲು ಊಹಿಸಿದೆವು. ನಮ್ಮ ಊಹೆ ತಪ್ಪು. ತಿಳಿಬಣ್ಣದ ಮಾಲ್ಟಿನಲ್ಲಿ ಗಂಧಕ ಬೆರೆತ ಒಂದು ಪದಾರ್ಥ ಹೆಚ್ಚು ಉಳಿದಿರುತ್ತದೆ. ರಸ ಬಿಸಿಯಾದಾಗ ಅದು ಒಡೆದು ಈ ವಾಸನೆಯ ಆವಿಯಾಗುತ್ತದೆ. ಬಲವಾಗಿ ಒಣಗಿಸಿದ ಪೇಲ್ ಏಲ್ ಮಾಲ್ಟಿನಲ್ಲಿ ಅದು ಗೂಡಿನಲ್ಲೇ ಬಹುಮಟ್ಟಿಗೆ ಹೋಗಿರುತ್ತದೆ. ಪಿಲ್ಸ್‌ನರ್ ಬಳಸಿದಾಗ ಕುದಿಸುವ ಪಾತ್ರೆಯಲ್ಲಿ ಹೊರಗಟ್ಟಬೇಕು. ಮನೆಯೆಲ್ಲ ಹಬೆ ಎಂದು ಮಗಳು ಗೊಣಗಿದಳೆಂದು ಅಳಿಯಂದಿರು ಪಾತ್ರೆಗೆ ಮುಚ್ಚಳ ಹಾಕಿದ್ದರು. ಹಬೆಯ ಜೊತೆ ಹೋಗಬೇಕಾದದ್ದು ಮುಚ್ಚಳಕ್ಕೆ ತಾಗಿ, ಹನಿಯಾಗಿ ಮರಳಿ ಪಾತ್ರೆಗೇ ಬಿತ್ತು.

ಆದುದರಿಂದ ಪೇಲ್ ಏಲ್ ಬದಲು ಪಿಲ್ಸ್‌ನರ್ ಹಾಕಿದರೆ ಮುಚ್ಚಳ ತೆಗೆದು ರಭಸವಾಗಿ ಕುದಿಸಬೇಕು. ಪುಸ್ತಕದಲ್ಲಿ 60 ನಿಮಿಷವೆಂದಿದ್ದರೂ 90 ನಿಮಿಷ ಕುದಿಸಿ, ಆಮೇಲೆ ಬೇಗ ತಣಿಸಬೇಕು. ಮಾಲ್ಟು ಬದಲಾದರೆ ಮಾಡುವ ವಿಧಾನವೂ ಬದಲಾಗಬೇಕು. ಇದನ್ನು ಪುಸ್ತಕಗಳು ಒತ್ತಿ ಹೇಳುವುದಿಲ್ಲ.

ಯಾವುದಕ್ಕೆ ಯಾವುದು?

ಸಾಮಾನ್ಯವಾಗಿ ಬೇಕಾಗುವ ಬದಲಿಗಳು ಹೀಗಿವೆ. ಪ್ರಮಾಣವೆಲ್ಲ ತೂಕದಲ್ಲಿ.

1. ಮ್ಯಾರಿಸ್ ಆಟರ್ ಸಿಗದಿದ್ದರೆ ಯಾವುದೇ ಇಂಗ್ಲಿಷ್ ಪೇಲ್ ಏಲ್ ಮಾಲ್ಟನ್ನು ತೂಕಕ್ಕೆ ತೂಕ ಹಾಕಬಹುದು. ಸ್ಕಾಟ್ಲೆಂಡಿನಲ್ಲಿ ಹೆಸರಾದ ಗೋಲ್ಡನ್ ಪ್ರಾಮಿಸ್ ತಳಿಯ ಮಾಲ್ಟೂ ಆದೀತು.

2. ಪೇಲ್ ಏಲ್ ಮಾಲ್ಟೇ ಸಿಗದಿದ್ದರೆ ಪಿಲ್ಸ್‌ನರ್ ಅಥವಾ ಅಮೆರಿಕದ ಎರಡು ಸಾಲಿನ ಮಾಲ್ಟ್ 9 ಪಾಲು, ತಿಳಿ ಮ್ಯೂನಿಕ್ 1 ಪಾಲು. ಮ್ಯೂನಿಕ್ಕಿನಿಂದ ಬಣ್ಣವೂ ರೊಟ್ಟಿ ಸುಟ್ಟಂಥ ರುಚಿಯೂ ಬರುತ್ತದೆ. ಪಿಲ್ಸ್‌ನರ್ ಆದರೆ ಕುದಿಸುವ ಅವಧಿಯನ್ನು ಮರೆಯಬಾರದು.

3. ವಿಯೆನ್ನಾ ಸಿಗದಿದ್ದರೆ ಪಿಲ್ಸ್‌ನರ್ ಮತ್ತು ತಿಳಿ ಮ್ಯೂನಿಕ್ ಸಮಪಾಲು.

4. ತಿಳಿ ಮ್ಯೂನಿಕ್ ಸಿಗದಿದ್ದರೆ ವಿಯೆನ್ನಾ ಹಾಕಿ, ಬಣ್ಣಕ್ಕೆ ಸ್ವಲ್ಪ ಕಡು ಮ್ಯೂನಿಕ್ ಸೇರಿಸಬಹುದು.

5. ಪಿಲ್ಸ್‌ನರ್ ಸಿಗದಿದ್ದರೆ ಎರಡು ಸಾಲಿನ ಸಾದಾ ಮಾಲ್ಟ್ ಹತ್ತಿರದ್ದು. ಪೇಲ್ ಏಲ್ ಹಾಕಿದರೆ ಬಿಯರ್ ಆಗುತ್ತದೆ, ಆದರೆ ಆ ಹುಲ್ಲುಹಳದಿ ಬಣ್ಣವೂ ಹಗುರ ರುಚಿಯೂ ಬರುವುದಿಲ್ಲ.

6. ಎರಡು ಸಾಲಿನದು ಸಿಗದೆ ಆರು ಸಾಲಿನದು ಸಿಕ್ಕರೆ ಕಿಣ್ವಕ್ಕೆ ಕೊರತೆಯಿಲ್ಲ. ಆದರೆ ಆ ಕಾಳು ತೆಳು, ಸಿಪ್ಪೆ ಮತ್ತು ಪ್ರೋಟೀನು ಹೆಚ್ಚು, ಸಕ್ಕರೆ ತುಸು ಕಡಿಮೆ. ಶೇಕಡ 5ರಷ್ಟು ಹೆಚ್ಚು ತೂಕ ಹಾಕಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಹೋದ ಜರ್ಮನರಿಗೆ ಊರಿನ ಬಾರ್ಲಿ ಸಿಗದೆ ಅಲ್ಲಿನ ಆರು ಸಾಲಿನ ಬಾರ್ಲಿಯೇ ಗತಿಯಾಯಿತು. ಅದರ ಹೆಚ್ಚಿನ ಕಿಣ್ವವನ್ನು ಕಂಡು ಅವರು ಮೆಕ್ಕೆಜೋಳವನ್ನೂ ಅಕ್ಕಿಯನ್ನೂ ಜೊತೆಗೂಡಿಸಿದರು. ಅಮೆರಿಕದ ತಿಳಿ ಬಿಯರ್ ಬೆಳೆದದ್ದು ಈ ಬದಲಿಯಿಂದಲೇ.

7. ಗೋಧಿ ಮಾಲ್ಟಿನಲ್ಲಿ ಕಿಣ್ವ ಸಾಕಷ್ಟಿದೆ. ಆದರೆ ಅದಕ್ಕೆ ಸಿಪ್ಪೆಯಿಲ್ಲ. ಬಾರ್ಲಿಯ ಸಿಪ್ಪೆಯೇ ರಸ ಬಸಿಯಲು ಜರಡಿಯಂತೆ ಕೆಲಸ ಮಾಡುವುದು. ಗೋಧಿ ಹೆಚ್ಚಾದರೆ ಪಾತ್ರೆಯಲ್ಲಿ ಅಂಬಲಿಯಂತೆ ಕಟ್ಟಿಕೊಳ್ಳುತ್ತದೆ. ಇದಕ್ಕೆ ಅಲ್ಲಿನವರು ಬೆರೆಸುವುದು ನಾವು ಗಿರಣಿಯ ಹಿಂದೆ ರಾಶಿ ಬಿಡುವ ಭತ್ತದ ಉಮಿಯನ್ನು. ಅಂಗಡಿಗಳಲ್ಲಿ ಅದನ್ನು ತೂಕ ಮಾಡಿ ಮಾರುವುದನ್ನು ಕಂಡು ನಮಗೆ ಆಶ್ಚರ್ಯವಾಯಿತು.

ಸಕ್ಕರೆಯ ಲೆಕ್ಕ

ಒಳ್ಳೆಯ ಮೂಲ ಮಾಲ್ಟ್ ಒಂದು ಕೆ.ಜಿ.ಗೆ ಸುಮಾರು 300 ಅಂಶ ಸಕ್ಕರೆ ಇದೆ ಎಂದು ಹಿಡಿಯಬಹುದು. ಇಪ್ಪತ್ತು ಲೀಟರು ರಸ ಹೈಡ್ರೋಮೀಟರಿನಲ್ಲಿ 1.045 ತೋರಿಸಬೇಕಾದರೆ 20ನ್ನು 45ರಿಂದ ಗುಣಿಸಿ 900 ಅಂಶ ಬೇಕು. ಮನೆಯ ಪಾತ್ರೆಯಲ್ಲಿ ಇರುವುದೆಲ್ಲ ಕೈಗೆ ಬರುವುದಿಲ್ಲ. ಮುಕ್ಕಾಲು ಪಾಲು ಬಂದರೆ ಕೆ.ಜಿ.ಗೆ 225. 900ನ್ನು 225ರಿಂದ ಭಾಗಿಸಿದರೆ 4 ಕೆ.ಜಿ. ಪುಸ್ತಕದ 4 ಕೆ.ಜಿ. ಬಂದದ್ದು ಹೀಗೆ.

ಮಾಲ್ಟ್ ಕಾಳೇ ಸಿಗದ ಊರಿನಲ್ಲಿ ಡಬ್ಬಿಯ ಮಾಲ್ಟ್ ಪಾಕ ಸಿಗಬಹುದು. ಅದು ಬಸಿದ ರಸವನ್ನೇ ಜೋನಿಬೆಲ್ಲದಂತೆ ಇಂಗಿಸಿದ್ದು. 4 ಕೆ.ಜಿ. ಕಾಳಿನ ಬದಲು ಪಾಕವಾದರೆ 3 ಕೆ.ಜಿ., ಪುಡಿಯಾದರೆ 2.4 ಕೆ.ಜಿ. ಸಾಕು. ಅದರಲ್ಲಿ ಪಿಷ್ಟ ಆಗಲೇ ಸಕ್ಕರೆಯಾಗಿರುವುದರಿಂದ ಬಿಸಿನೀರಿನಲ್ಲಿ ಗಂಟೆಗಟ್ಟಲೆ ಇಡಬೇಕಿಲ್ಲ. ಆದರೆ ಪಾಕದಲ್ಲಿ ಕಿಣ್ವ ಉಳಿದಿದೆ ಎಂದು ನಂಬಿ ಅದಕ್ಕೆ ಅವಲಕ್ಕಿ ಸೇರಿಸಬಾರದು. ಹಾಗೆ ಮಾಡಿದರೆ ಮತ್ತೆ ಅಕ್ಕಿ ತೊಳೆದ ನೀರೇ.

ಬಾರ್ಲಿಯೇ ಸಿಗದಿದ್ದರೆ?

ಈ ಪ್ರಶ್ನೆ ಒಂದು ಇಡೀ ದೇಶಕ್ಕೇ ಎದುರಾದದ್ದುಂಟು. ಆಫ್ರಿಕದ ನೈಜೀರಿಯ ಸರ್ಕಾರ ವಿದೇಶಿ ವಿನಿಮಯ ಉಳಿಸಲು 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿತು. ದೊಡ್ಡ ಬಿಯರ್ ಕಾರ್ಖಾನೆಗಳೆಲ್ಲ ತಮ್ಮ ನೆಲದ ಜೋಳಕ್ಕೂ ಮೆಕ್ಕೆಜೋಳಕ್ಕೂ ತಿರುಗಬೇಕಾಯಿತು. ನಾವು ರೊಟ್ಟಿ ತಟ್ಟುವ ಬಿಳಿಜೋಳದ ಜಾತಿಯೇ ಅದು.

ಜೋಳ ಬಾರ್ಲಿಯ ಜಾಗಕ್ಕೆ ಸಲೀಸಾಗಿ ಕೂರಲಿಲ್ಲ. ಜೋಳದ ಪಿಷ್ಟ ಅರಳಲು 70 ಡಿಗ್ರಿಯ ಆಸುಪಾಸಿನ ಅಥವಾ ಅದಕ್ಕೂ ಹೆಚ್ಚಿನ ಶಾಖ ಬೇಕು. ಆ ಶಾಖದಲ್ಲಿ ಮಾಲ್ಟಿನ ಕಿಣ್ವ ಬಹುಬೇಗ ಸಾಯುತ್ತದೆ. ಜೊತೆಗೆ, ಸಕ್ಕರೆ ಮಾಡುವ ಎರಡು ಮುಖ್ಯ ಕಿಣ್ವಗಳಲ್ಲಿ ಒಂದು ಜೋಳದ ಮಾಲ್ಟಿನಲ್ಲಿ ಕಡಿಮೆ. ಆದುದರಿಂದ ಧಾನ್ಯವನ್ನು ಮೊದಲು ಬೇಯಿಸಿ, ಕಾರ್ಖಾನೆಯಲ್ಲಿ ತಯಾರಾದ ಕಿಣ್ವವನ್ನು ಹೊರಗಿನಿಂದ ಹಾಕುವ ವಿಧಾನ ರೂಢಿಗೆ ಬಂತು. ಮುಂದೆ ನಿಷೇಧ ತೆರವಾದ ಮೇಲೂ ಜೋಳದ ಬಳಕೆ ನಿಲ್ಲಲಿಲ್ಲ. ಜನರ ನಾಲಿಗೆ ಆ ರುಚಿಗೆ ಒಗ್ಗಿತ್ತು, ಕಾರ್ಖಾನೆಗೆ ಅದು ಅಗ್ಗವೂ ಆಗಿತ್ತು.

ರಾಗಿ ಹಾಕಬಹುದೇ ಎಂದು ಅಳಿಯಂದಿರು ಕೇಳಿದರು. ಕಿರುಧಾನ್ಯಗಳಲ್ಲಿ ರಾಗಿ ಮಾಲ್ಟಿನ ಕಿಣ್ವ ಒಳ್ಳೆಯದೆಂಬ ಹೆಸರಿದೆ. ಆದರೆ ಕಾಳು ಸಣ್ಣದು, ಜರಡಿಯಾಗುವ ಸಿಪ್ಪೆ ಇಲ್ಲ. ರುಚಿಗೆ ಸ್ವಲ್ಪ ಬೆರೆಸಬಹುದು, ಮೂಲ ಮಾಲ್ಟಾಗಿ ಒಂಟಿಯಾಗಿ ನಂಬಬಾರದು ಎಂದೆವು. ಮೂರನೆಯ ಸಲ ಅವರು 3.6 ಕೆ.ಜಿ. ಪಿಲ್ಸ್‌ನರ್, 400 ಗ್ರಾಂ ತಿಳಿ ಮ್ಯೂನಿಕ್ ಹಾಕಿ, ಮುಚ್ಚಳ ತೆಗೆದು 90 ನಿಮಿಷ ಕುದಿಸಿದರು. ಹೈಡ್ರೋಮೀಟರಿನಲ್ಲಿ 1.044 ಬಂತು. ನಾವು ಕುಡಿಯುವವರಲ್ಲ, ಮೂಸಿ ನೋಡಿದೆವು. ಜೋಳದ ವಾಸನೆ ಇರಲಿಲ್ಲ. ನೆರೆಯವರು ಎರಡನೆಯ ಲೋಟ ಕೇಳಿದರು. ಆದರೆ ಅಳಿಯಂದಿರು ಮಾತ್ರ, "ಚೆನ್ನಾಗಿದೆ ಮಾವ, ಆದರೆ ಮ್ಯಾರಿಸ್ ಆಟರ್ ರುಚಿ ಇಲ್ಲ" ಎಂದರು. ಆ ಮಾತು ನಮ್ಮನ್ನು ಹಿಡಿದು ನಿಲ್ಲಿಸಿತು.

ಮ್ಯಾರಿಸ್ ಆಟರ್ ಉಳಿದ ಬಗೆ, ಮತ್ತು ನಾವು

ಮ್ಯಾರಿಸ್ ಆಟರ್ ತಳಿಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನ ಸಸ್ಯ ತಳಿ ಸಂಶೋಧನಾ ಸಂಸ್ಥೆಯಲ್ಲಿ ಡಾ. ಜಿ.ಡಿ.ಎಚ್. ಬೆಲ್ ಅವರ ತಂಡ ಅಭಿವೃದ್ಧಿಪಡಿಸಿತು. 1965ರ ಸುಮಾರಿಗೆ ಅದು ರೈತರ ಕೈ ಸೇರಿತು. ಸಂಸ್ಥೆ ಇದ್ದ ರಸ್ತೆಯ ಹೆಸರು ಮ್ಯಾರಿಸ್ ಲೇನ್, ಅದರಿಂದಲೇ ಈ ಹೆಸರು. ಬಿಯರ್ ತಯಾರಕರು ಅದನ್ನು ಬಹಳ ಮೆಚ್ಚಿದರು. ಆದರೆ ಹೆಚ್ಚು ಇಳುವರಿಯ ಹೊಸ ತಳಿಗಳು ಬಂದ ಮೇಲೆ ರೈತರು ಇದನ್ನು ಬಿಡತೊಡಗಿದರು. ಉಳಿದ ಕಡೆ ಬೀಜ ಬೆರಕೆಯಾಗಿ ಕೆಟ್ಟಿತು. 1989ರಲ್ಲಿ ಶಿಫಾರಸು ಮಾಡಿದ ತಳಿಗಳ ಪಟ್ಟಿಯಿಂದ ಅದರ ಹೆಸರನ್ನೇ ತೆಗೆದುಹಾಕಿದರು. ಕಾಗದದ ಮೇಲೆ ಅದರ ಕಥೆ ಮುಗಿದಿತ್ತು.

ಅದನ್ನು ಉಳಿಸಿದ್ದು ಕೊಳ್ಳುವವರು. ಈ ರುಚಿಯೇ ಬೇಕು, ಬೇರೆಯದು ಬೇಡ ಎಂದು ಹಟ ಹಿಡಿದ ಬಿಯರ್ ತಯಾರಕರಿದ್ದರು. ಅವರನ್ನು ನಂಬಿ 1990ರ ದಶಕದಲ್ಲಿ ಎರಡು ಧಾನ್ಯ ವ್ಯಾಪಾರ ಸಂಸ್ಥೆಗಳು ಬೀಜವನ್ನು ಮತ್ತೆ ಶುದ್ಧಗೊಳಿಸುವ ಕೆಲಸಕ್ಕೆ ಹಣ ಹಾಕಿದವು. ಬೆಳೆಯುವ ರೈತರಿಗೆ ಇಳುವರಿಯ ನಷ್ಟ ತುಂಬುವಷ್ಟು ಹೆಚ್ಚಿನ ದರ ಸಿಕ್ಕಿತು. ಇಂದಿಗೂ ಅದು ಬೆಳೆಯುತ್ತಿದೆ, ಹೆಸರಿನಿಂದಲೇ ಮಾರಾಟವಾಗುತ್ತಿದೆ.

ಸದಸ್ಯ ಬಾಂಧವರೇ, ನಾವು ಈ ಲೇಖನದಲ್ಲಿ ಇಷ್ಟುದ್ದ ಹೇಳಿದ್ದು ಕೊಳ್ಳುವವನ ಕಡೆಯಿಂದ. ಹೆಸರು ನೋಡಬೇಡ, ಕೆಲಸ ನೋಡು, ಕೆಲಸ ಮಾಡುವುದು ಯಾವುದಾದರೂ ಸರಿ, ಬದಲಿ ಹಾಕು ಎಂದು. ಈಗ ಬೆಳೆಯುವವನ ಕಡೆ ನಿಂತು ಇದನ್ನೇ ಯೋಚಿಸಿ. ನಮ್ಮ ಕಾಫಿಯನ್ನು ಕೊಳ್ಳುವವನೂ ಹೀಗೆಯೇ ಪೆನ್ಸಿಲು ಹಿಡಿದು ಕೂರುತ್ತಾನೆ. ಬಣ್ಣಕ್ಕೆ ಇಷ್ಟು ಚಿಕೋರಿ, ಗಟ್ಟಿತನಕ್ಕೆ ಇಷ್ಟು ಬೇರೆ ದೇಶದ ರೊಬಸ್ಟಾ. ಬರಿಯ ಕೆಲಸಕ್ಕೆ ಕೊಳ್ಳುವ ಸರಕಿಗೆ ಅಗ್ಗದ ಬದಲಿ ಇದ್ದೇ ಇರುತ್ತದೆ. ಬದಲಿ ಹಾಕಿದ ಮೇಲೂ "ಆ ರುಚಿ ಇಲ್ಲ" ಎಂದು ಅವನ ನಾಲಿಗೆ ಹೇಳಿದರೆ ಮಾತ್ರ ಅವನು ನಮ್ಮ ಬಾಗಿಲಿಗೆ ಮರಳಿ ಬಂದಾನು.

2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೂ ಶಿರಸಿ ಅಡಿಕೆಗೂ ಭೌಗೋಳಿಕ ಗುರುತು ಸಿಕ್ಕಿದೆ. ಹೆಸರು ದೊರೆತಿದೆ. ಆದರೆ ಹೆಸರು ಸಿಕ್ಕಿದ ಮಾತ್ರಕ್ಕೆ ದರ ಸಿಗುವುದಿಲ್ಲ. ಮ್ಯಾರಿಸ್ ಆಟರ್ ಬೆರಕೆಯಾದಾಗ ಹೆಸರಿದ್ದೂ ಪಟ್ಟಿಯಿಂದ ಬಿತ್ತು, ಶುದ್ಧವಾದ ಮೇಲೆ ಎದ್ದು ನಿಂತಿತು. ಹಿಂದೊಮ್ಮೆ ನಮ್ಮ ಸಂಘದ ಒಂದು ಲಾಟಿನಲ್ಲಿ ಪಾರ್ಚ್‌ಮೆಂಟಿನ ಜೊತೆ ಸರಿಯಾಗಿ ಒಣಗದ ಚೆರಿ ಬೆರೆತು ಹೋಗಿ, ಖರೀದಿದಾರರು ಇಡೀ ಲಾಟನ್ನೇ ವಾಪಸು ಕಳಿಸಿದ್ದು ಹಲವರಿಗೆ ನೆನಪಿರಬಹುದು. ಬೆರೆಸಿದ್ದು ಎರಡು ಮೂಟೆ, ನಷ್ಟ ಉಂಡದ್ದು ಎಲ್ಲ ಸದಸ್ಯರು. ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ನಮ್ಮ ಹಿರಿಯರು ಅಡಿಕೆಯನ್ನು ಬೇರೆ ಬೇರೆ ಮಾಡಿಟ್ಟದ್ದು ಸುಮ್ಮನೆ ಅಲ್ಲ.

ಆದುದರಿಂದ ಈ ಕೊಯ್ಲಿನಲ್ಲಿ ಸದಸ್ಯರು ಪಾರ್ಚ್‌ಮೆಂಟು, ಚೆರಿ, ಅರೇಬಿಕಾ, ರೊಬಸ್ಟಾ ಇವನ್ನು ಕಣದಲ್ಲಿಯೇ ಬೇರೆ ಇಟ್ಟು, ಚೀಲದ ಮೇಲೆ ಗುರುತು ಬರೆದು ಸಂಘಕ್ಕೆ ತರಬೇಕೆಂದು ಕೋರುತ್ತೇವೆ. ಮಕ್ಕಳು ಹೊರದೇಶದಲ್ಲಿರುವ ಸದಸ್ಯರು ಮೇಲಿನ ಲೆಕ್ಕಗಳನ್ನು ಅವರಿಗೆ ಕಳಿಸಿಕೊಡಬಹುದು. ಅನುಮಾನವಿದ್ದಲ್ಲಿ ಕಚೇರಿಯ ವೇಳೆಯಲ್ಲಿ ಬಂದರೆ ನಮಗೆ ತಿಳಿದಷ್ಟನ್ನು ಸಂತೋಷದಿಂದ ಹೇಳುತ್ತೇವೆ. ಕುಡಿಯಲು ಮಾತ್ರ ಸಂಘದಲ್ಲಿ ಕಾಫಿಯೇ ಸಿಗುವುದು, ಅದರಲ್ಲಿ ಚಿಕೋರಿ ಇರುವುದಿಲ್ಲ.

– ಕಾರ್ಯದರ್ಶಿ